ಕೈಯ ಕೆಳಗಿನ ಕೈ

ಹೆಂಡತಿ ಕೈ ಹಿಡಿಯದಿದ್ದರೆ ದೇವಯ್ಯನಿಗೆ ಎಲೆ ಅಡಿಕೆಯೂ ದಕ್ಕುವುದಿಲ್ಲ ಎಂದು ಆ ಬೀದಿಯವರು ಆಡಿಕೊಳ್ಳುತ್ತಿದ್ದರು. ತಾನು ಮಾಡಿದ ಗೇಟನ್ನು ಯಾರದಾದರೂ ಮನೆಗೆ ನಿಲ್ಲಿಸಿದಾಗ ಮನೆಯವರು ತಟ್ಟೆ ತುಂಬ ತಾಂಬೂಲ ಇಟ್ಟು ಕೊಟ್ಟರೆ ದೇವಯ್ಯ ಒಬ್ಬನೇ ಕೈ ಚಾಚುವವನಲ್ಲ. ಹೆಂಡತಿ ಮರಿತಾಯಮ್ಮ ಪಕ್ಕಕ್ಕೆ ಬಂದು ನಿಲ್ಲಬೇಕು. ಅವನ ಬಲಗೈ ಕೆಳಗೆ ತನ್ನ ಕೈ ಆನಿಸಬೇಕು. ಆಮೇಲೆಯೇ ತಟ್ಟೆ ಇಳಿಯಬೇಕು.

"ಐವತ್ತಕ್ಕೆ ಬಂದವ್ನೆ, ಇನ್ನೂ ಧಾರೆ ಎರೆಸ್ಕಳೋ ಮದ್ವೆಗಂಡಿನಂಗೆ ನಿಂತ್ಕತಾನೆ," ಅನ್ನುತ್ತಿದ್ದಳು ಪಕ್ಕದ ಮನೆ ಸಣ್ಣತಾಯಮ್ಮ. "ನಮ್ಮನೇಲೂ ಒಂದದೆ. ಜೊತೇಲಿ ನಡ್ಕಂಡ್ ಬಾ ಅಂದ್ರೆ ಎಮ್ಮೆ ಕರ ಕಿತ್ಕಂಡ್ ಓದಂಗೆ ಮುಂದ್ಕೆ ಓಯ್ತದೆ."

ಕೇಳಿದವರು ನಗುತ್ತಿದ್ದರು. ಮರಿತಾಯಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಗದೆ ಇದ್ದವನು ದೇವಯ್ಯ ಒಬ್ಬನೇ. ಆಡುವವರ ಬಾಯಿಗೆ ಅಗುಳಿ ಹಾಕುವವರು ಯಾರು? ಆಡಿಕೊಳ್ಳಲಿ. ಗಂಡ ಹೆಂಡಿರ ಸರಸ ಎಂದುಕೊಳ್ಳುವುದಾದರೆ ಇನ್ನೂ ಒಳ್ಳೆಯದು. ನಿಜ ಏನೆಂದು ತಿಳಿಯುವುದಕ್ಕಿಂತ ಅದೇ ವಾಸಿ ಎಂಬುದು ಅವನ ಲೆಕ್ಕ.

ನಿಜ ತಿಳಿಯಬೇಕಾದರೆ ಆ ಕೈ ಯಾವ ಕೈ ಎಂದು ಮೊದಲು ತಿಳಿಯಬೇಕು.

ತೊಂಬತ್ತರ ದಶಕದಲ್ಲಿ ದೇವಯ್ಯ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗ್ಯಾಸ್ ಕಟಿಂಗ್ ಮಾಡುತ್ತಿದ್ದ. ದಪ್ಪ ಕಬ್ಬಿಣದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಟ್ಟರೆ, ಉರಿ ಹಿಡಿದು ಆ ಗೆರೆಯ ಮೇಲೇ ಹೋಗುತ್ತಿದ್ದ. ಹಲಗೆ ಎರಡಾದ ಮೇಲೆ ನೋಡಿದರೆ ಆ ಅಂಚಿಗೆ ಅರ್ಧ ಸುಣ್ಣ, ಈ ಅಂಚಿಗೆ ಅರ್ಧ ಸುಣ್ಣ. ಅಷ್ಟು ನಿಗಾ. ಜೊತೆಯವರು "ಇವನ ಕೈಲಿ ಉರಿಯೂ ಒಕ್ಕಲ ಎತ್ತಿನಂಗೆ ಸಾಲು ಬಿಟ್ಟು ಕದಲದು" ಅನ್ನುತ್ತಿದ್ದರು. ಆ ಕೈಯನ್ನೇ ನಂಬಿಕೊಂಡು ಅವನು ಕಾರ್ಖಾನೆ ಬಿಟ್ಟು, ನಂಜನಗೂಡಿನಲ್ಲೇ ತನ್ನ ಮನೆ ಮಗ್ಗುಲಿಗೆ ಒಂದು ಶೆಡ್ಡು ಎಬ್ಬಿಸಿ, ಗೇಟು ಗ್ರಿಲ್ಲು ಮಾಡಲು ಕೂತ. ತಗಡನ್ನು ಬಳ್ಳಿ, ಹೂವು, ನವಿಲಾಗಿ ಕತ್ತರಿಸಿ ಗೇಟಿಗೆ ಕೂರಿಸುವುದು ಅವನ ವಿಶೇಷ. ಬಿಳಿಗೆರೆ, ಸುತ್ತೂರು, ತಿ. ನರಸೀಪುರದ ಕಡೆಯಿಂದೆಲ್ಲ ಜನ ಹುಡುಕಿಕೊಂಡು ಬರುತ್ತಿದ್ದರು.

ಆ ಸೀಮೆಯಲ್ಲಿ ಹೊಸ ಮನೆಗೆ ಗೇಟು ನಿಲ್ಲಿಸಿದ ದಿನ, ಮಾಡಿದವನೇ ಮೊದಲು ಅದನ್ನು ತಳ್ಳಿ ತೆಗೆಯಬೇಕು. ತೆಗೆದವನ ಬಲಗೈಗೆ ಮನೆ ಯಜಮಾನ ತಾಂಬೂಲದ ತಟ್ಟೆ ಕೊಡಬೇಕು. ದೇವಯ್ಯನಿಗೆ ಮೊದಲ ಸಲ ಇದು ನಡೆದದ್ದು ಬಿಳಿಗೆರೆಯ ದೊಡ್ಡಸಿದ್ದಯ್ಯನವರ ಮನೆಯಲ್ಲಿ. ಅವರು ಮಠದ ಒಕ್ಕಲು, ದೊಡ್ಡ ಕುಳ. ಇವನ ಅಪ್ಪ ಅದೇ ಮನೆಯ ಹೊಲದಲ್ಲಿ ದುಡಿದವನು. ಅಪ್ಪನ ಕಾಲದಲ್ಲಿ ಆ ಮನೆಯಿಂದ ಎಲೆ ಅಡಿಕೆ ಬರುತ್ತಿದ್ದದ್ದು ಮೇಲಿನಿಂದ. ಅಪ್ಪ ಬೊಗಸೆ ಒಡ್ಡಿ ಬಗ್ಗಬೇಕು, ಅದು ಬೀಳಬೇಕು. ಆ ದಿನ ಮುದುಕ ದೊಡ್ಡಸಿದ್ದಯ್ಯ ಗೇಟಿನ ಮೇಲೆ ಕೈ ಆಡಿಸಿ, ಬಳ್ಳಿಯ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿ, "ಬಾರೋ ದೇವಯ್ಯ, ಇಂಥಾ ಕೈಗೆ ಮೇಲಿಂದ ಆಕಿದ್ರೆ ನಾನು ಮನ್ಸನಾ?" ಎಂದು ತಟ್ಟೆಯನ್ನು ಕೈಗೇ ಇಟ್ಟರು. ಅವರ ಬೆರಳು ಇವನ ಬೆರಳಿಗೆ ತಾಗಿತು.

ಮನೆಗೆ ಬಂದು, ಗೋಡೆಯ ಮೇಲೆ ಅಂಬೇಡ್ಕರರ ಪಟದ ಪಕ್ಕದಲ್ಲಿದ್ದ ಅಪ್ಪನ ಪಟದ ಮುಂದೆ ಆ ತಟ್ಟೆ ಇಟ್ಟು ಕೈ ಮುಗಿದ.

ಕೆಲವು ವರ್ಷ ಕಳೆದ ಮೇಲೆ ಆ ಕೈ ನಡುಗತೊಡಗಿತು.

ಮೊದಲು ಕಂಡದ್ದು ಮರಿತಾಯಮ್ಮನಿಗೆ. ಮುದ್ದೆ ಮುರಿದು ಸಾರಿಗೆ ಅದ್ದುವಾಗ ಗಂಡನ ಕೈಯಿಂದ ಸಾರು ತಟ್ಟೆಯಾಚೆ ಹನಿಯುತ್ತಿತ್ತು. ಮಾರನೆಯ ದಿನದಿಂದ ಸಾರನ್ನು ಆಳದ ಬಟ್ಟಲಲ್ಲಿ ಬಡಿಸಿದಳು. ಕಾಫಿಯನ್ನು ಲೋಟದ ಅರ್ಧಕ್ಕೇ ನಿಲ್ಲಿಸಿದಳು. ಅವಳು ಹಾಗೆ ಮಾಡಿದ್ದು ನೋಡಿಯೇ ದೇವಯ್ಯನಿಗೆ ಇವಳಿಗೆ ಗೊತ್ತಾಗಿದೆ ಎಂದು ಗೊತ್ತಾಯಿತು.

ಮೈಸೂರಿನ ಡಾಕ್ಟರು ಕೈ ನೀವಿ, ನಡೆಸಿ, ಬರೆಸಿ ನೋಡಿದರು. ಇಷ್ಟು ವರ್ಷ ಕುಡಿದ ಕಬ್ಬಿಣದ ಹೊಗೆ ನರಕ್ಕೆ ಇಳಿದಿದೆ, ಮಾತ್ರೆ ಕೊಡುತ್ತೇನೆ, ಆದರೆ ಆ ಕೆಲಸ ಬಿಡು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ದೇವಯ್ಯ ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದ:

"ಯಾರ್ಗೂ ಏಳ್ಬೇಡ ಮರೀ. ನಮ್ಮ ಬೀದಿಯವನ ಕೈ ನಡುಗ್ತದೆ ಅಂದ್ರೆ ಲೋಕ ಒಂದೇ ಮಾತು ಏಳೋದು. ಕುಡ್ದು ಕುಡ್ದು ನಡುಗ್ತಾ ಅದೆ ಅಂತದೆ. ಹೊಗೆ ಅಂದ್ರೆ ಯಾವನ್ ನಂಬ್ತಾನೆ?"

"ನೀವು ಒಂದ್ ಹನಿ ಮುಟ್ಟಿದ್ದಿಲ್ವಲ್ಲ."

"ಮುಟ್ಟದೋನ ಕೈಯೇ ನಡುಗಿದ್ರೆ ಇನ್ನೂ ಜೋರಾಗಿ ಆಡ್ಕತಾರೆ. ಕದ್ದು ಕುಡೀತಿದ್ದ ಅಂತಾರೆ."

ಅವಳು ಸೀಟಿನ ಮೇಲೆ ಕುಣಿಯುತ್ತಿದ್ದ ಅವನ ಕೈಯ ಮೇಲೆ ತನ್ನ ಸೆರಗು ಹೊದಿಸಿದಳು. ಅದಾದ ಮೇಲೆ ಸುತ್ತೂರಿನ ಒಂದು ಮನೆಯಲ್ಲಿ ಗೇಟು ನಿಲ್ಲಿಸಿದಾಗ, ತಟ್ಟೆ ಬರುತ್ತಿದ್ದಂತೆ ಪಕ್ಕಕ್ಕೆ ಬಂದು ಕೈಯ ಕೆಳಗೆ ಕೈ ಕೊಟ್ಟಳು. ನಡುಕ ಅವಳ ಅಂಗೈಯೊಳಗೆ ಇಳಿದು ನಿಂತಿತು. ನೋಡಿದ ಹೆಂಗಸರು "ದಂಪತಿ ಅಂದ್ರೆ ಇಂಗಿರ್ಬೇಕು" ಎಂದು ಕಣ್ಣರಳಿಸಿದರು. ಮಾತು ಹುಟ್ಟಿದ್ದು ಅಲ್ಲಿಂದ.

ಸರಿ, ತಟ್ಟೆಗೆ ಕೈ ಕೊಡಬಹುದು. ಉರಿ ಹಿಡಿದ ಕೈಗೆ ಯಾರು ಕೈ ಕೊಡುತ್ತಾರೆ? ಬಳ್ಳಿ ಕತ್ತರಿಸಲು ಹೋದರೆ ಅಂಚು ಗರಗಸದ ಹಲ್ಲಾಗುತ್ತಿತ್ತು. ಗ್ಯಾಸು ಸರಿಯಿಲ್ಲ, ತಗಡು ಸರಿಯಿಲ್ಲ ಎಂದು ಎಷ್ಟು ದಿನ ನೆಪ ಹೇಳುವುದು? ಆಗ ಅವನಿಗೆ ಕಾರ್ಖಾನೆಯಲ್ಲಿ ಕಂಡಿದ್ದ ಒಂದು ಮೇಜು ನೆನಪಾಯಿತು. ಮಂಚದಷ್ಟು ದೊಡ್ಡ ಕಬ್ಬಿಣದ ಮೇಜು. ಮೇಲೆ ಕಂಬಿಗಳ ಮೇಲೆ ಓಡಾಡುವ ತೊಲೆ, ತೊಲೆಗೆ ಸಿಕ್ಕಿಸಿದ ಪ್ಲಾಸ್ಮಾ ಕಡ್ಡಿ. ಕರೆಂಟು ಮತ್ತು ಗಾಳಿ ಎರಡೂ ಸೇರಿ ಕಡ್ಡಿಯ ತುದಿಯಲ್ಲಿ ನೀಲಿ ಮಿಂಚಾಗಿ, ಆ ಮಿಂಚು ಕಬ್ಬಿಣವನ್ನು ಬೆಣ್ಣೆಯಂತೆ ಕೊಯ್ಯುತ್ತಿತ್ತು. ದಾರಿ ತೋರಿಸುವುದು ಕಂಪ್ಯೂಟರು. ಅದಕ್ಕೆ ಕೈಯೇ ಬೇಡ.

"ಅಂತಾದ್ದ ನಾವೇ ಮಾಡಕ್ಕಾಗಲ್ವೇನ್ಲಾ?" ಎಂದು ಕೇಳಿದ್ದು ಭಾಮೈದ ಪ್ರೇಮ್‌ಕುಮಾರನನ್ನು. ಅವನು ಮರಿತಾಯಮ್ಮನ ತಮ್ಮ. ತಿ. ನರಸೀಪುರದಲ್ಲಿ ಟೀವಿ, ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟಿದ್ದ.

"ಭಾವ, ಅದು ಫಾರಿನ್ ಐಟಮ್ಮು. ನೀವು ಮಾಡ್ತೀನಿ ಅಂದ್ರೆ ನಾಳೆ ವಿಮಾನನೂ ಕಟ್ತೀವಿ ಅಂತೀರಿ."

ನಕ್ಕವನು ಅಕ್ಕನ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಭಾವನ ಕೈ ನೋಡಿದ. ಅವನ ನಗು ಅಲ್ಲೇ ನಿಂತಿತು. ಆಮೇಲೆ ಅವನು ಬೇಡ ಅನ್ನಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲ ಪೂರ್ತಿ ಆ ಮೇಜಿಗೇ ಹೋಯಿತು. ಮೈಸೂರಿನ ಗುಜರಿಗಳಲ್ಲಿ ಅಲೆದು ಹಳೆಯ ಜೆರಾಕ್ಸ್ ಮಿಷನ್ನುಗಳ ಹೊಟ್ಟೆ ಬಗೆದು, ಒಂದೊಂದೇ ಹೆಜ್ಜೆ ಇಟ್ಟು ತಿರುಗುವ ಮೋಟಾರುಗಳನ್ನು ತಂದರು. ಕೆಟ್ಟ ಲೇತಿನ ಕಂಬಿಗಳನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ಪ್ರೇಮ್‌ಕುಮಾರ್ ಒಂದು ಬೋರ್ಡು ಕಟ್ಟಿ, ಹಳೆಯ ಕಂಪ್ಯೂಟರಿನಲ್ಲಿ ಪ್ರಿಂಟರ್ ಸಿಕ್ಕಿಸುವ ತೂತಿಗೆ ಅದರ ವೈರು ಕೊಟ್ಟ. ಪ್ಲಾಸ್ಮಾ ಪೆಟ್ಟಿಗೆಯನ್ನು ಮುಚ್ಚಿಹೋದ ಯಾವುದೋ ವರ್ಕ್‌ಶಾಪಿನಿಂದ ಹೊತ್ತು ತಂದರು. ಎಲ್ಲವನ್ನೂ ಜೋಡಿಸಿದ್ದು ಶೆಡ್ಡಿನಲ್ಲಲ್ಲ, ನಡುಮನೆಯಲ್ಲಿ. ಶೆಡ್ಡು ಬೀದಿಗೆ ಬಾಯ್ತೆರೆದುಕೊಂಡಿತ್ತು. ನಡುಮನೆಗಾದರೆ ಬಾಗಿಲಿತ್ತು.

ಮೊದಲು ಕಡ್ಡಿಯ ಜಾಗಕ್ಕೆ ಪೆನ್ನು ಕಟ್ಟಿ, ಕೆಳಗೆ ಹಳೇ ಪೇಪರು ಹಾಸಿ ಓಡಿಸಿದರು. ತೊಲೆ ಗುಂಯ್‌ಗುಟ್ಟುತ್ತ ಸರಿದು ಒಂದು ದುಂಡು ಬರೆಯಿತು. ಕಂಚಿನ ತಟ್ಟೆ ಕವುಚಿ ಗೆರೆ ಎಳೆದಂಥ ದುಂಡು. ಮರಿತಾಯಮ್ಮ ಆ ಪೇಪರನ್ನು ಕಣ್ಣಿಗೊತ್ತಿಕೊಂಡಳು.

ಪೆನ್ನು ತೆಗೆದು ಕಡ್ಡಿ ಸಿಕ್ಕಿಸಿ ಮಿಂಚು ಹೊತ್ತಿಸಿದರು. ಅಷ್ಟೇ. ತೊಲೆ ಹುಚ್ಚು ಹಿಡಿದಂತೆ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಜಗ್ಗಾಡಿ, ತಗಡಿನ ಮೇಲೆ ಗರಗಸದ ಹಲ್ಲು ಕೊಯ್ದು ನಿಂತಿತು. ದೇವಯ್ಯ ಆ ಅಂಚನ್ನೇ ನೋಡಿದ. ಆಮೇಲೆ ಗೋಡೆಗೆ ಒರಗಿ ನಗಲು ಶುರುಮಾಡಿದ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

"ನೋಡ್ ಮರೀ, ಇದ್ಕೂ ನನ್ ಕಾಯ್ಲೆನೇ ಅಂಟ್ಕತು!"

ಕಾಯಿಲೆಗೆ ಪ್ರೇಮ್‌ಕುಮಾರ್ ಮದ್ದು ಹುಡುಕಿದ. ಮಿಂಚು ಹೊತ್ತುವಾಗ ಏಳುವ ಸದ್ದಿಲ್ಲದ ಗದ್ದಲ ವೈರಿನೊಳಗೆ ನುಗ್ಗಿ ಕಂಪ್ಯೂಟರಿಗೆ ದಿಕ್ಕು ತಪ್ಪಿಸುತ್ತಿತ್ತು. ಆ ಗದ್ದಲ ಭೂಮಿಗೆ ಇಳಿದುಹೋಗಬೇಕು. ಹಿತ್ತಲಲ್ಲಿ ಎದೆಯುದ್ದ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಇದ್ದಿಲು ಉಪ್ಪು ತುಂಬಿ, ಮೇಜಿನಿಂದ ಅದಕ್ಕೆ ದಪ್ಪ ತಂತಿ ಎಳೆದರು. "ಅಕ್ಕ, ಇದು ಒಣಗ್ಬಾರ್ದು. ದಿನಾ ಒಂದ್ ಬಿಂದಿಗೆ ನೀರ್ ಉಯ್ಯಿ," ಎಂದ ತಮ್ಮ. ಅವಳು ಬೆಳಗ್ಗೆ ಅಂಗಳಕ್ಕೆ ನೀರು ಹಾಕಿದವಳೇ ಆ ಗುಂಡಿಗೂ ಹೊಯ್ದು, ಒಂದು ದಾಸವಾಳದ ಹೂ ಇಟ್ಟು ಬರತೊಡಗಿದಳು.

ಮುಂದಿನ ಸಲ ಮಿಂಚು ಹೊತ್ತಿಸಿದಾಗ ತೊಲೆ ಕದಲದೆ ಸಾಗಿತು. ಕೊಯ್ದ ಬಳ್ಳಿಯನ್ನು ನೀರಿಗೆ ಅದ್ದಿ ಮೇಲೆತ್ತಿ ದೇವಯ್ಯ ಅಂಚು ಸವರಿದ. ಹೆಬ್ಬೆರಳು ಎಲ್ಲೂ ತಡೆಯಲಿಲ್ಲ.

ಒಂದೇ ಒಂದು ತೊಡಕು ಉಳಿಯಿತು. ಮೌಸು. ದೇವಯ್ಯ ಹಿಡಿದರೆ ಪರದೆಯ ಮೇಲಿನ ಬಾಣ ಬಿಸಿ ಹಂಚಿನ ಮೇಲಿನ ಜೋಳದಂತೆ ಕುಣಿಯುತ್ತಿತ್ತು. ತಗಡು ಎಲ್ಲಾದರೂ ಉಬ್ಬಿದ್ದರೆ ಕಡ್ಡಿಯನ್ನು ಒಂದು ತಿರುಪು ತಿರುಗಿಸಿ ಏರಿಸಿ ಇಳಿಸಬೇಕು. ಅದಕ್ಕೂ ನಿಂತ ಕೈ ಬೇಕು. ಹೀಗಾಗಿ ಕುರ್ಚಿಗೆ ಮರಿತಾಯಮ್ಮ ಬಂದಳು. ಏಳನೇ ಕ್ಲಾಸಿನವರೆಗೆ ಓದಿದ್ದವಳು. ಮೊದಮೊದಲು ಮೌಸನ್ನು ಕೋಳಿಮರಿ ಹಿಡಿದಂತೆ ಹಿಡಿಯುತ್ತಿದ್ದಳು. ಆಮೇಲೆ ಹೂವಿನ ಎಸಳನ್ನು ಪರದೆಯ ಮೇಲೆ ತಾನೇ ಬಾಗಿಸಿ, "ಇಲ್ಲಿ ಸ್ವಲ್ಪ ಗುಂಡುಗೆ ಬರ್ಲಿ, ನಿಮ್ದು ಯಾವಾಗ್ಲೂ ಚೂಪು," ಎಂದು ಗಂಡನನ್ನೇ ತಿದ್ದತೊಡಗಿದಳು. ಅವನು ಕೈಗಳನ್ನು ತೊಡೆ ನಡುವೆ ಇಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ಇಲ್ಲವಾದರೆ ಅಡುಗೆಮನೆಯ ಹೊಸಿಲಲ್ಲಿ, ಕಡ್ಡಿಗೆ ಗಾಳಿ ಊದುವ ಕಂಪ್ರೆಸರ್ ಕಾಯುತ್ತಿದ್ದ. ಕೊಯ್ದ ತುಂಡುಗಳನ್ನು ಬೆಸೆಯಲು ಪ್ರೇಮ್‌ಕುಮಾರ್ ಊರಾಚೆಯ ವೆಲ್ಡರುಗಳನ್ನು ಗೊತ್ತು ಮಾಡುತ್ತಿದ್ದ.

ದೇವಯ್ಯನ ಕೆಲಸ ಮತ್ತೆ ಮೊದಲಿನಂತಾಯಿತು ಎಂದು ಸುದ್ದಿಯಾಯಿತು. ಮಿಷನ್ನಿನ ಮಾತು ಯಾರಿಗೂ ಗೊತ್ತಿರಲಿಲ್ಲ. ಬೀದಿಯವರಿಗೆ ಗೊತ್ತಿದ್ದದ್ದು ಆ ಮನೆಯ ಬಾಗಿಲು ಹಗಲಲ್ಲೂ ಮುಚ್ಚಿರುತ್ತದೆ, ಕಿಟಕಿಗೆ ಗೋಣಿತಾಟು ಬಿದ್ದಿದೆ, ಮತ್ತೆ ಒಳಗೆ ಗುಂಯ್ ಎಂದರೆ ತಮ್ಮ ಟೀವಿಗಳಲ್ಲಿ ಮಳೆ ಸುರಿಯುತ್ತದೆ ಎಂದಷ್ಟೆ.

"ಏನ್ ಮಾಡ್ತೀರವ್ವಾ ಬಾಗ್ಲು ಆಕ್ಕಂಡು?" ಸಣ್ಣತಾಯಮ್ಮ ಬೇಲಿಯಾಚೆಯಿಂದ ಕೇಳಿದಳು. "ಧಾರಾವಾಹೀಲಿ ಅತ್ತೆ ಸೊಸೆಗೆ ವಿಷ ಆಕೋ ಒತ್ತಿಗೇ ಸರ್‌ರ್ ಅಂತದೆ. ಸೊಸೆ ಸತ್ಲೋ ಬದುಕುದ್ಲೋ ಇವತ್ಗೂ ಗೊತ್ತಾಗ್ಲಿಲ್ಲ."

"ಬದುಕುದ್ಲು ಕಣಕ್ಕಾ," ಅಂದಳು ಮರಿತಾಯಮ್ಮ, ನೋಡದಿದ್ದರೂ.

ಬಾಗಿಲು ಮುಚ್ಚಿದರೆ ಹೊಗೆ ಎಲ್ಲಿ ಹೋಗಬೇಕು? ಅಟ್ಟಕ್ಕೆ ಏರಿ, ಅಲ್ಲಿಂದ ಇಳಿದು, ಬಟ್ಟೆಬರೆಗೆ, ಮುದ್ದೆಗೆ, ನಾಲಿಗೆಗೆ ಹತ್ತಿತು. ಸತುವಿನ ಲೇಪದ ತಗಡು ಕೊಯ್ದ ದಿನ ಸಂಜೆ ಇಬ್ಬರಿಗೂ ಚಳಿಜ್ವರ. ಬೆಳಗಿನ ಹೊತ್ತಿಗೆ ಬಿಡುತ್ತಿತ್ತು. ಅದಕ್ಕೆ ಕಾರ್ಖಾನೆ ಕಾಲದಿಂದಲೂ ಒಂದೇ ಮದ್ದು: ಒಂದು ಉಂಡೆ ಬೆಲ್ಲ, ಎರಡು ರಸಬಾಳೆ. ಬೆಲ್ಲ ಹೊಗೆಯನ್ನು ಹೊಟ್ಟೆಗೆ ಎಳೆಯುತ್ತದೆ, ಬಾಳೆಹಣ್ಣು ಅದನ್ನು ಕೆಳಕ್ಕೆ ತಳ್ಳುತ್ತದೆ ಎಂದು ವೆಲ್ಡಿಂಗಿನವರೆಲ್ಲ ನಂಬಿದ್ದರು. ಪ್ರೇಮ್‌ಕುಮಾರ್ ಮಾತ್ರ ಬಂದಾಗಲೆಲ್ಲ ಜಗಳ ಆಡುತ್ತಿದ್ದ.

"ಭಾವ, ಗೋಡೆ ತೂತು ಒಡ್ದು ಒಂದು ಫ್ಯಾನಾರ ಇಡಿ. ಬಾಗ್ಲಾರ ತೆಗೀರಿ."

"ಬಾಗ್ಲು ತೆಗ್ದ್ರೆ ಕುರ್ಚೀಲಿ ಯಾರವ್ರೆ ಅಂತ ಕಾಣ್ತದೆ. ಯಾರ ಕೈ ತೊಡೆ ಸಂದೀಲದೆ ಅಂತಾನೂ ಕಾಣ್ತದೆ."

"ಕಾಣ್ಲಿ! ಏನೀಗ?"

ಉತ್ತರ ಕೊಟ್ಟವಳು ಮರಿತಾಯಮ್ಮ. "ನೀನು ಸುಮ್ಕಿರು ಪ್ರೇಮ. ಲೋಕದ್ ನಂಜ್ನೆಲ್ಲ ನುಂಗ್ದೋನು ಇರೋ ಊರು ಇದು. ನಮ್ಗ್ಯಾವ ನಂಜು ಹತ್ತದು?" ಅಂದು ಬಾಗಿಲಿನ ಅಗುಳಿ ಇನ್ನಷ್ಟು ಬಿಗಿ ಮಾಡಿದಳು. ಮುಚ್ಚಿದವಳು ತಾನೇ ಅಲ್ಲವೇ ಎಂದು ದೇವಯ್ಯನೂ ಸಮಾಧಾನ ಮಾಡಿಕೊಂಡ. ಆ ಸಮಾಧಾನವನ್ನು ಆಮೇಲೆ ಎಷ್ಟು ಸಲ ಬೈದುಕೊಂಡನೋ.

ಅಷ್ಟರಲ್ಲಿ ಬಿಳಿಗೆರೆಯ ದೊಡ್ಡಸಿದ್ದಯ್ಯ ತೀರಿಕೊಂಡಿದ್ದರು. ಅವರ ಮಗ ಬಸವೇಶ್ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟು, ಅಲ್ಲೇ ಮನೆ ಕಟ್ಟಿಸಿದ್ದ. "ಗೇಟು ನಿನ್ ಕೈಯಿಂದ್ಲೇ ಆಗ್ಬೇಕು ದೇವಯ್ಯ. ಅಪ್ಪಾಜಿ ಕೊನೇವರ್ಗೂ ಆ ಬಳ್ಳಿ ಮಾತು ಆಡ್ತಿದ್ರು. ನಡುವೆ ಎರಡು ನವಿಲು ಇರ್ಲಿ," ಎಂದ. ಗೇಟು ನಿಲ್ಲಿಸಲು ಮಠದಲ್ಲಿ ಕೇಳಿ ದಿನ ಗೊತ್ತು ಮಾಡಿಸಿಕೊಂಡೇ ಬಂದಿದ್ದ. ತಟ್ಟೆ ಕೈಗಿಟ್ಟ ಮನೆ. ದೇವಯ್ಯನಿಗೆ ಇದಕ್ಕಿಂತ ದೊಡ್ಡ ಕೆಲಸ ಇರಲಿಲ್ಲ.

ಬಳ್ಳಿಗಳು ಆದವು. ನವಿಲಿಗೆ ಬೇಕಾದ ತಗಡು ಮೈಸೂರಿನಿಂದ ಬರಬೇಕಿತ್ತು, ಲಾರಿ ಮುಷ್ಕರ. ದಿನ ಹತ್ತಿರ ಬಂತು. ಶೆಡ್ಡಿನ ಹಿಂದೆ ಹಳೆಯ ಡ್ರಮ್ಮುಗಳು ಬಿದ್ದಿದ್ದವು. ಯಾವುದೋ ಕಾರ್ಖಾನೆಯ ರಸಾಯನ ತುಂಬಿ ಖಾಲಿಯಾಗಿ, ಗುಜರಿಗೆ ಬಂದು, ಅಲ್ಲಿಂದ ಇವನ ಹಿತ್ತಲಿಗೆ ಬಂದವು. ಮೇಲಿನ ಚೀಟಿ ಕೆರೆದು ತೆಗೆದಿದ್ದರು. ಒಳಗೆ ಏನಿತ್ತೋ ಯಾರಿಗೆ ಗೊತ್ತು? ದೇವಯ್ಯ ಒಂದನ್ನು ಸೀಳಿ, ಬಡಿದು ಹರಡಿದ. ಮರಿತಾಯಮ್ಮ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದಳು. ಎಷ್ಟು ಬಡಿದರೂ ತಗಡು ಪೂರ್ತಿ ಚಪ್ಪಟೆಯಾಗಲಿಲ್ಲ. ಎಷ್ಟು ತೊಳೆದರೂ ಮಡಿಕೆಯ ಸಂದಿಯಲ್ಲಿ ಒಂದು ಅಂಟು ಉಳಿಯಿತು.

"ಉಬ್ಬದೆ. ಕಡ್ಡಿ ಏರಿಸ್ತಾ ಇಳಿಸ್ತಾ ಇರ್ಬೇಕು," ಎಂದಳು. "ಆಗ್ಲಿ, ನಾನ್ ಬಗ್ಗಿ ನೋಡ್ಕತೀನಿ."

ಮಧ್ಯಾಹ್ನ ಉಂಡು ಕೂತರು. ಅವಳು ಮೇಜಿನ ಮೇಲೆ ಬಗ್ಗಿ ತಿರುಪಿಗೆ ಬೆರಳಿಟ್ಟಳು. ಅವನು ಹೊಸಿಲಲ್ಲಿ ಕಂಪ್ರೆಸರ್ ಹತ್ತಿರ. ಮಿಂಚು ಹೊತ್ತಿತು. ಮೊದಲ ನವಿಲು ಮುಗಿಯುವ ಹೊತ್ತಿಗೆ ಒಂದು ವಾಸನೆ ಬಂತು. ದಿನದ ಸುಟ್ಟ ಕಬ್ಬಿಣದ್ದಲ್ಲ. ಮಳೆಗೆ ನೆನೆದು ಮುಗ್ಗಿದ ಹುಲ್ಲಿನ ಮೆದೆ ಬಿಚ್ಚಿದಾಗ ಬರುತ್ತದಲ್ಲ, ಆ ವಾಸನೆ. ಅವಳು ಕೆಮ್ಮಿದಳು.

"ನಿಲ್ಸನಾ?" ಎಂದ.

"ಎರಡನೇದು ಶುರುವಾಗೋಯ್ತು. ಈಗ ನಿಲ್ಸಿದ್ರೆ ನವಿಲು ಅರ್ಧಕ್ಕೇ ಕುಂಟ್ತದೆ. ಮುಗೀಲಿ, ಆಮೇಕೆ ಬಾಗ್ಲು ತಗ್ಯವಾ."

ಆಗಲೇ ಬಾಗಿಲು ಬಡಿದ ಸದ್ದಾಯಿತು.

"ದೇವಯ್ಯಾ! ನಾನು ಬಸವೇಶ. ಇಂಗೇ ಬಂದಿದ್ದೆ, ನವಿಲು ನೋಡ್ಕಂಡ್ ಓಗನಾ ಅಂತ."

ದೇವಯ್ಯ ಹೆಂಡತಿಯ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟ. ಬೆರಳು ತುಟಿಯ ಮೇಲೆ ಪಟಪಟ ಬಡಿಯಿತು.

"ಕಿಡಿ ಸಿಡೀತಾ ಅವೆ ಸಾ!" ಎಂದು ಕೂಗಿದ. "ಈಗ ತೆಗಿಯಂಗಿಲ್ಲ!"

"ಪರ್ವಾಗಿಲ್ಲ ಬುಡು, ಕಾಯ್ತೀನಿ."

ಹೊರಗೆ ಜಗಲಿಯ ಮೇಲೆ ಕೂತ ಸದ್ದು. ಸಣ್ಣತಾಯಮ್ಮನ ದನಿಯೂ ಸೇರಿತು. "ಕೂತ್ಕಳಿ ಸಾ. ಕೆಲ್ಸಕ್ಕೆ ಕೂತ್ರೆ ಬ್ರಹ್ಮ ಬಂದ್ರೂ ತೆಗಿಯಾಕಿಲ್ಲ. ಒಳಗೆ ಗಂಡ ಎಂಡ್ತಿ ಅವ್ರೆ, ಅವ್ರದ್ದೇ ಲೋಕ." ಇಬ್ಬರೂ ನಕ್ಕದ್ದು ಕೇಳಿಸಿತು.

ಒಳಗೆ ಮರಿತಾಯಮ್ಮ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳು. ಕಣ್ಣಿನಿಂದ ನೀರು ಮೇಜಿನ ಮೇಲೆ ಬೀಳುತ್ತಿತ್ತು. ತಿರುಪಿನ ಮೇಲಿನ ಬೆರಳು ಮಾತ್ರ ಅಳತೆ ತಪ್ಪಲಿಲ್ಲ. ದೇವಯ್ಯ ಎದ್ದ. ಬಾಗಿಲಿಗೆ ನಾಲ್ಕು ಹೆಜ್ಜೆ. ಒಂದು ಇಟ್ಟ, ಇನ್ನೊಂದು ಇಟ್ಟ. ಅಗುಳಿಗೆ ಕೈ ಚಾಚಿದ. ಚಾಚಿದ ಕೈ ಕಣ್ಣಿಗೆ ಬಿತ್ತು. ಗಾಳಿಗೆ ಸಿಕ್ಕಿದ ಎಲೆಯಂತೆ ಅದು ಅಗುಳಿಯ ಮುಂದೆ ಆಡುತ್ತಿತ್ತು. ಆಚೆ ಕೂತವನು ದೊಡ್ಡಸಿದ್ದಯ್ಯನ ಮಗ. ತಿರುಗಿ ನೋಡಿದ. ಅವಳು ಬೇಡ ಎಂದು ತಲೆ ಆಡಿಸಿದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ನವಿಲು ಮುಗಿದರೂ ಬಸವೇಶ್ ಏಳಲಿಲ್ಲ. ಮೇಜು, ಕಂಪ್ಯೂಟರು ಎಲ್ಲ ಎದುರಿಗೇ ಇರುವಾಗ ಬಾಗಿಲು ತೆಗೆಯುವುದು ಹೇಗೆ? ಹಿತ್ತಲ ಬಾಗಿಲು ತೆಗೆದರೆ ಬೇಲಿಯ ಬಳಿ ಸಣ್ಣತಾಯಮ್ಮನ ಸೊಸೆ ಬಟ್ಟೆ ಒಗೆಯುತ್ತಿದ್ದಾಳೆ. ಕೆಲಸ ಇನ್ನೂ ನಡೆದಿದೆ ಎಂದು ತೋರಲು ಕಂಪ್ರೆಸರನ್ನು ಸುಮ್ಮನೆ ಓಡಲು ಬಿಟ್ಟು, ಗಂಡ ಹೆಂಡಿರು ಆ ಹೊಗೆಯಲ್ಲಿ ಗೋಡೆಗೆ ಒರಗಿ ಕೂತರು. ಕೊನೆಗೆ "ಇನ್ನೊಂದಿನ ಬತ್ತೀನಿ ಕಣಯ್ಯ" ಎಂದು ಅವನು ಹೊರಟ ಮೇಲೆ ಕಿಟಕಿಯ ಗೋಣಿತಾಟು ಸರಿಸಿದರು.

"ಎರಡೂ ಜೋಡಿ ಸರ್ಯಾಗಿ ಬಂದವೆ," ಎಂದು ಅವಳು ನವಿಲುಗಳನ್ನು ಎತ್ತಿ ಹಿಡಿದು ತೋರಿಸಿದಳು.

ಸಂಜೆಗೆ ಕೆಮ್ಮು ಇಳಿದಿತ್ತು. ಮೈ ಮಾತ್ರ ಬೆಚ್ಚಗೆ. ದಿನಾ ಬರುವ ಜ್ವರವೇ ಎಂದುಕೊಂಡರು. ಬೆಲ್ಲ ತಿಂದಳು, ರಸಬಾಳೆ ತಿಂದಳು, ಮುದ್ದೆಗೂ ಇಟ್ಟಳು. ಬೆಳಗಾಗುವಷ್ಟರಲ್ಲಿ ಅವಳ ಉಸಿರು ಹುಕ್ಕದ ನೀರಿನಂತೆ ಗುಳುಗುಳು ಎನ್ನುತ್ತಿತ್ತು. ತುಟಿಯ ಕೊನೆಯಲ್ಲಿ ಗುಲಾಬಿ ಬಣ್ಣದ ನೊರೆ. ಆಟೋದಲ್ಲಿ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ. "ಡ್ರಮ್ಮಿನಲ್ಲಿ ಏನಿತ್ತು?" ಎಂದು ಡಾಕ್ಟರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. "ಉಸಿರಾಡೋ ಚೀಲದಲ್ಲಿ ನೀರು ತುಂಬಿದೆ. ಹೊಗೆ ಅಂತ ಗೊತ್ತಾಗ್ತಿದ್ದಂಗೆ ಹೊರಗೆ ಬರಬೇಕಾಗಿತ್ತು," ಎಂದರು.

ಅವಳು ಕೊನೆಗೆ ಮಾತಾಡಿದ್ದು ತಮ್ಮನ ಹತ್ತಿರ. "ಗುಂಡಿಗೆ ನೀರ್ ಉಯ್ದಿಲ್ಲ ಇವತ್ತು," ಅಂದಳಂತೆ.

ಬಸವೇಶ್ ಕೆಟ್ಟವನಲ್ಲ. ಸಾವಿಗೆ ಬಂದ, ಮಣ್ಣಿಗೆ ಕೈ ಹಾಕಿದ, ಗೊತ್ತು ಮಾಡಿದ್ದ ದಿನವನ್ನು ತಾನೇ ಮುಂದಕ್ಕೆ ಹಾಕಿದ. ತಿಥಿ ಕಳೆದ ಮೇಲೆ ಪ್ರೇಮ್‌ಕುಮಾರ್ ಯಾರೋ ವೆಲ್ಡರನ್ನು ಹಿಡಿದು ಗೇಟು ಕೂಡಿಸಿದ. ನಿಲ್ಲಿಸುವ ದಿನ ದೇವಯ್ಯನನ್ನು ಕರೆಸಿಕೊಂಡರು. ಮಾಡಿದವನೇ ಅಲ್ಲವೇ ಮೊದಲು ತಳ್ಳಬೇಕು?

ತಳ್ಳಿದ. ನವಿಲುಗಳೆರಡೂ ಬೇರೆಯಾಗಿ ದಾರಿ ಬಿಟ್ಟವು. ಬಸವೇಶ್ ತಟ್ಟೆ ತಂದ. ದೇವಯ್ಯ ಅಭ್ಯಾಸದಂತೆ ಪಕ್ಕಕ್ಕೆ ಒಂದಿಷ್ಟು ಜಾಗ ಬಿಟ್ಟು ನಿಂತು, ಬಲಗೈ ಚಾಚಿದ. ಕೆಳಗೆ ಏನೂ ಇರಲಿಲ್ಲ. ತಟ್ಟೆಯ ಅಂಚು ತಾಗಿದ್ದೇ ತೆಂಗಿನಕಾಯಿ ಗಡಗಡ ಎಂದಿತು, ಬಾಳೆಹಣ್ಣು ಜಾರಿತು, ಅಡಿಕೆ ಉರುಳಿ ನೆಲಕ್ಕೆ ಬಿತ್ತು.

ಹಿಂದಿನಿಂದ ಯಾರೋ ಮೆಲ್ಲಗೆ ಅಂದರು: "ಬೆಳಗ್ಗೆನೇ ಆಕ್ಬುಟ್ಟವ್ನೆ."

"ಎಂಡ್ತಿ ಓದ್ಲಲ್ಲ ಪಾಪ. ಕುಡೀದೆ ಇನ್ನೇನ್ ಮಾಡಾನು?"

ಬಸವೇಶನ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದೇ ಹೆಚ್ಚು ಸುಟ್ಟಿತು. "ಬೀಳ್ತದೆ ಕಣೋ ದೇವಯ್ಯ. ಇಲ್ಲೇ ಇಡ್ತೀನಿ, ಆಮೇಲೆ ತಗೊ," ಎಂದು ತಟ್ಟೆಯನ್ನು ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಇಟ್ಟ. ತಗೊಳ್ಳಬೇಕಾದರೆ ಬಗ್ಗಬೇಕಿತ್ತು.

"ಸಾ," ಎಂದ ದೇವಯ್ಯ. "ಇದು ನನ್ ಕೈಯಲ್ಲ ಸಾ. ಈ ನವಿಲು ಕುಯ್ದೋಳು ಅವ್ಳು. ನೀವು ಜಗ್ಲಿ ಮೇಲೆ ಕೂತಿದ್ರಲ್ಲ, ಆಗ ಕುಯ್ತಾ ಇದ್ಲು. ಮಿಷನ್ ಅದೆ ಸಾ ಮನೇಲಿ, ಕಂಪ್ಯೂಟ್ರು. ನನ್ ಕೈ ಬಾಳ ವರ್ಸದಿಂದ ಇಂಗೇ..."

"ಆಯ್ತು ಆಯ್ತು," ಎಂದು ಬಸವೇಶ್ ಅವನ ಭುಜ ತಟ್ಟಿದ. "ಪ್ರೇಮ, ನಿಮ್ ಭಾವನ್ನ ನೆರಳಿಗ್ ಕರ್ಕಂಡ್ ಓಗಿ ಒಂದ್ ಲೋಟ ಮಜ್ಜಿಗೆ ಕುಡ್ಸು."

ಜೀವಮಾನದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ನಿಜ ಹೇಳಿದ್ದ. ಅದನ್ನು ಮಜ್ಜಿಗೆಯಲ್ಲಿ ಇಳಿಸಿಬಿಟ್ಟರು. ತಟ್ಟೆ ಅಲ್ಲೇ ಉಳಿಯಿತು.

ಆಮೇಲೆ ನಂಜನಗೂಡಿನ ಆ ಮನೆಯಲ್ಲಿ ಅವನು ಹೆಚ್ಚು ದಿನ ಇರಲಿಲ್ಲ. ಪ್ರೇಮ್‌ಕುಮಾರ್ ನಮ್ಮಲ್ಲಿಗೇ ಬನ್ನಿ ಎಂದು ಕರೆದ, ಒಪ್ಪಿದ. ಮೇಜನ್ನು ಮಾತ್ರ ಭಾಮೈದನೂ ಬೇಡ ಅಂದ, ಇವನೂ ಮಾರಲಿಲ್ಲ, ಅದು ನಡುಮನೆಯಲ್ಲೇ ಉಳಿಯಿತು. ಹೊರಡುವ ದಿನ ಬೆಳಗ್ಗೆ ಹಿತ್ತಲಿಗೆ ಹೋಗಿ, ಅರ್ಧ ಬಿಂದಿಗೆ ನೀರನ್ನು ಅಂಗಿಗೂ ನೆಲಕ್ಕೂ ಚೆಲ್ಲಿಕೊಳ್ಳುತ್ತ ಗುಂಡಿಗೆ ಹೊಯ್ದ. ಕೆಂಪು ಹೂವೊಂದು ಅಲ್ಲೇ ಒಣಗಿ ಇದ್ದಿಲಿಗೆ ಅಂಟಿಕೊಂಡಿತ್ತು. ಒಳಗೆ ಬಂದು ಕಿಟಕಿಯ ಗೋಣಿತಾಟು ಕಿತ್ತು ಹಾಕಿದ. ಹಿತ್ತಲ ಬಾಗಿಲು ತೆಗೆದ. ಅಪ್ಪನ ಪಟ, ಅಂಬೇಡ್ಕರರ ಪಟ, ಅವಳ ಒಂದು ಸೀರೆ ಚೀಲಕ್ಕೆ ಹಾಕಿಕೊಂಡು ಬೀದಿ ಬಾಗಿಲಿಗೆ ಬಂದ.

ಬೀಗದ ತೂತಿಗೆ ಕೀಲಿಕೈ ಸೇರಲಿಲ್ಲ. ತಟತಟ ಎಂದು ಹಿತ್ತಾಳೆಯ ಮೇಲೆ ಬಡಿಯುತ್ತಲೇ ಇತ್ತು. ಆ ಸದ್ದಿಗೆ ಸಣ್ಣತಾಯಮ್ಮ ಹೊರಗೆ ಬಂದಳು.

"ಇದೇನ್ ದೇವಯ್ಯಾ, ಒತ್ತಾರೇನೇ..." ಎಂದು ಬಾಯಿ ತೆಗೆದವಳು ಹತ್ತಿರ ಬಂದು ನಿಂತಳು. ಮೂಗಿಗೆ ಹೆಂಡದ ವಾಸನೆ ಬರಲಿಲ್ಲ. ಅವನ ಕಣ್ಣು ನೋಡಿದಳು, ಕೈ ನೋಡಿದಳು. ಆ ಕೈಯ ಕೆಳಗೆ ಇಷ್ಟು ದಿನ ಇದ್ದ ಇನ್ನೊಂದು ಕೈ ಅವಳಿಗೆ ನೆನಪಾಗಿರಬೇಕು. ಮುಖ ಬಣ್ಣಗೆಟ್ಟಿತು.

"ಯಾವಾಗಿಂದಪ್ಪಾ ಇದು?"

"ನೀವೆಲ್ಲ ನಗ್ತಿದ್ರಲ್ಲಕ್ಕ, ಆವಾಗಿಂದ."

ಅವಳ ಕೈ ತಾನಾಗಿ ಮುಂದೆ ಬಂತು. "ತತ್ತಾ, ನಾನ್ ಆಕ್ತೀನಿ ಬೀಗ."

"ಬ್ಯಾಡ," ಎಂದ ದೇವಯ್ಯ. ಬೀಗ, ಕೀಲಿಕೈ ಎರಡನ್ನೂ ಅವಳ ಅಂಗೈಗೆ ಹಾಕಿದ. ಅವು ಗಿಲಗಿಲ ಸದ್ದು ಮಾಡಿ ಬಿದ್ದವು. "ಬ್ಯಾಡಕ್ಕ. ಬಾಗ್ಲು ತೆಗ್ದಿರ್ಲಿ. ಒಳಗೆ ಇನ್ನೂ ಹೊಗೆ ಅದೆ."

ಚೀಲವನ್ನು ಎಡಹೆಗಲಿಗೆ ಏರಿಸಿಕೊಂಡ. ಇಷ್ಟು ವರ್ಷ ಬೀದಿಗೆ ಬಂದಾಗಲೆಲ್ಲ ಟವಲಿನಲ್ಲಿ ಸುತ್ತುತ್ತಿದ್ದ, ಜೇಬಿನಲ್ಲಿ ಹೂಳುತ್ತಿದ್ದ ಬಲಗೈಯನ್ನು ಸುಮ್ಮನೆ ಇಳಿಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬಾಗಿಲುಗಳಲ್ಲಿ ನಿಂತವರೆಲ್ಲ ನೋಡಿದರು.